ಲೈಸೆನ್ಸ್, ಸಹಿ, ಹೊಸ ದರ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಖಾಸಗಿ ಪತ್ತೇದಾರಿ ಕಚೇರಿಯಲ್ಲಿ ಯಾವ ವಿಚಾರಣೆಯನ್ನೂ ಬರೀ ಫೋನಿನ ಮಾತಿನ ಮೇಲೆ ಶುರು ಮಾಡುವುದಿಲ್ಲ. ನಿಮ್ಮ ಗುರುತಿನ ಚೀಟಿ ತೋರಿಸಬೇಕು. ಯಾಕೆ ವಿಚಾರಿಸಬೇಕು ಅಂತ ಬರೆದು ಕೊಡಬೇಕು. ಅದರ ಕೆಳಗೆ ಸಹಿ ಹಾಕಬೇಕು. ದರವೂ ಸ್ವಲ್ಪ ಏರಿದೆ. ಕೆಲವು ಕೆಲಸಗಳನ್ನು ಇನ್ನು ಮುಂದೆ ಯಾರು ಕೇಳಿದರೂ ಒಪ್ಪಿಕೊಳ್ಳುವುದಿಲ್ಲ.

ಈಗಾಗಲೇ ಕೆಲಸ ಕೊಟ್ಟು ಕಾಯುತ್ತಿರುವವರಿಗೆ ಇದರಿಂದ ತೊಂದರೆ ಆಗುತ್ತದೆ. ಅದಕ್ಕೆ ಕ್ಷಮೆ ಕೇಳುತ್ತೇವೆ. ನಿಮ್ಮ ದರ ಬದಲಾಗುವುದಿಲ್ಲ, ಒಪ್ಪಿದ ದುಡ್ಡಿಗೇ ಮುಗಿಸಿ ಕೊಡುತ್ತೇವೆ. ಆದರೆ ಸಹಿ ನೀವೂ ಹಾಕಬೇಕು. ನಜರ್‌ಬಾದಿನ ಕಚೇರಿಗೆ ಬರಲು ಆಗದ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರ ಮನೆಗೆ ನಾವೇ ಬರುತ್ತೇವೆ.

ಈ ಸುದ್ದಿ ತಿಳಿದವರಿಂದ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದೇವೆ. "ನಿಮಗೇ ಲೈಸೆನ್ಸ್ ಇಲ್ಲ, ನಮ್ಮ ಹತ್ರ ಆಧಾರ್ ಕೇಳೋಕೆ ನೀವ್ಯಾರು?" ಇದನ್ನು ಹೊಸಬರು ಹೇಳಿದ್ದರೆ ಸುಮ್ನೆ ಇರುತ್ತಿದ್ದೆವು. ಎರಡು ಹೆಣ್ಣುಮಕ್ಕಳ ಮದುವೆಗೂ ನಮ್ಮಿಂದಲೇ ವಿಚಾರಿಸಿದ ಮನೆಯವರೂ ಹೀಗೆ ಕೇಳಿದರು. ಅದಕ್ಕೇ ಇಷ್ಟು ಉದ್ದದ ಪತ್ರ.

ನಮಗೆ ಲೈಸೆನ್ಸ್ ಇಲ್ಲ, ಅದು ನಿಜ. ಯಾರಿಗೂ ಇಲ್ಲ. ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕಾನೂನೇ ನಮ್ಮ ದೇಶದಲ್ಲಿ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಗಿತ್ತು. ಅದು ಪಾಸಾಗಿದ್ದರೆ ಕೇಂದ್ರದಲ್ಲಿ, ರಾಜ್ಯಗಳಲ್ಲಿ ಇದಕ್ಕೇ ಅಂತ ಮಂಡಳಿಗಳು ಬರುತ್ತಿದ್ದವು. ಸಂಸತ್ತಿನ ಸ್ಥಾಯಿ ಸಮಿತಿಯವರೆಗೂ ಹೋಯಿತು. ಅಲ್ಲಿಂದ ಮುಂದೆ ಸಾಗಲಿಲ್ಲ, ಕೊನೆಗೆ ವಾಪಸ್ ಪಡೆದರು. ಹಾಗಾದರೆ ಕೆಲವರು ಗೋಡೆಗೆ ಫ್ರೇಮ್ ಹಾಕಿಸಿಕೊಂಡಿರುವ ಸರ್ಕಾರಿ ಲೈಸೆನ್ಸ್ ಯಾವುದು? ಅದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯದು. ಸೆಕ್ಯೂರಿಟಿ ಗಾರ್ಡ್‌ಗಳನ್ನು ಒದಗಿಸುವವರಿಗೆ ಕೊಡುವಂಥದ್ದು. ಗೇಟು ಕಾಯುವುದಕ್ಕೆ ಆಗುತ್ತದೆ, ವಿಚಾರಣೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಹತ್ತಿರ ಇರುವುದು ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಜಿಎಸ್‌ಟಿ, ವೃತ್ತಿ ತೆರಿಗೆಯ ಕಾಗದ. ಕೇಳಿದರೆ ಮೂರನ್ನೂ ತೋರಿಸುತ್ತೇವೆ. ಇವುಗಳಿಗೆ "ಡಿಟೆಕ್ಟಿವ್ ಲೈಸೆನ್ಸ್" ಅಂತ ಹೆಸರಿಟ್ಟು ನಿಮಗೆ ಸುಳ್ಳು ಹೇಳಲು ನಮಗೆ ಮನಸ್ಸಿಲ್ಲ.

ಲೈಸೆನ್ಸ್ ಬಂದರೆ ಮೊದಲು ಅರ್ಜಿ ಹಾಕುವವರು ನಾವೇ. ಹದಿನೈದು ದಿನ ಕಚೇರಿ ತೆರೆದು, ಅಡ್ವಾನ್ಸ್ ತಗೊಂಡು ಮಾಯವಾಗುವವರ ಪಕ್ಕದಲ್ಲಿ ನಮ್ಮನ್ನೂ ನಿಲ್ಲಿಸಿ ನೋಡುತ್ತಾರಲ್ಲ, ಆ ನೋವು ನಮಗೆ ಗೊತ್ತು.

ಆದರೆ ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಕಾನೂನೂ ಇಲ್ಲ ಅಂದುಕೊಳ್ಳಬೇಡಿ. ಸೈಕಲ್ ಓಡಿಸಲು ಲೈಸೆನ್ಸ್ ಬೇಡ. ಹಾಗಂತ ಸೈಕಲ್‌ನಲ್ಲಿ ಹೋಗಿ ಯಾರಿಗಾದರೂ ಗುದ್ದಿದರೆ ಕೇಸ್ ಆಗಲ್ವಾ? ನಮ್ಮದೂ ಹಾಗೆಯೇ. ನಿಮಗಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಅಧಿಕಾರ ನಮಗಿಲ್ಲ. ಪೊಲೀಸರು ಅಂತ ಹೇಳಿಕೊಂಡು ಯಾರ ಮನೆ ಬಾಗಿಲನ್ನೂ ತಟ್ಟುವಂತಿಲ್ಲ, ಸರ್ಕಾರಿ ನೌಕರನ ವೇಷ ಹಾಕುವುದು ಅಪರಾಧ. ಬೇರೆಯವರ ಕಾಂಪೌಂಡ್ ದಾಟುವಂತಿಲ್ಲ. ಒಬ್ಬ ಹೆಣ್ಣುಮಗಳ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸುವ ಅಪರಾಧದಲ್ಲೇ ಸೇರಿಸಿದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಅಪರಾಧ ಪತ್ತೆಗೆ ಸರ್ಕಾರವೇ ಜವಾಬ್ದಾರಿ ಕೊಟ್ಟವರಿಗೆ ಅಲ್ಲಿ ವಿನಾಯಿತಿ ಇದೆ. ನಮಗೆ ಸರ್ಕಾರ ಅಂಥ ಜವಾಬ್ದಾರಿ ಕೊಟ್ಟಿಲ್ಲ. ಲೈಸೆನ್ಸ್ ಇಲ್ಲದಿರುವುದು ನಮ್ಮನ್ನು ಬಿಡಿಸುವುದಿಲ್ಲ, ಇನ್ನಷ್ಟು ಕಟ್ಟಿಹಾಕುತ್ತದೆ. ಅಪರಾಧ ಮಾಡಿದವನಷ್ಟೇ ಅಲ್ಲ, ಮಾಡಿಸಿದವರ ಮೇಲೂ ಕೇಸ್ ಬರುತ್ತದೆ. ನಿಮ್ಮ ಸಹಿ ಇರುವ ಕಾಗದದಲ್ಲಿ ನೀವು ಏನು ಕೇಳಿದಿರಿ, ಏನು ಕೇಳಲಿಲ್ಲ ಅಂತ ಇರುತ್ತದೆ. ನಾಳೆ ಯಾರಾದರೂ ದೂರು ಕೊಟ್ಟರೆ ನಮ್ಮಿಬ್ಬರನ್ನೂ ಕಾಯುವುದು ಆ ಹಾಳೆಯೇ.

ಕಾರಣ ಬರೆಸಿಕೊಳ್ಳುವುದು ಯಾಕೆ ಅಂತಲೂ ಕೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮಾಹಿತಿಯನ್ನು ಭದ್ರವಾಗಿ ಇಟ್ಟುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಮ್ಮಂಥ ಸಣ್ಣ ಕಚೇರಿಗೆ ಅದರ ಒಂದು ಚೂರು ಬಿದ್ದರೂ ಬಾಗಿಲು ಮುಚ್ಚಬೇಕಾಗುತ್ತದೆ. ಕೋರ್ಟಿನಲ್ಲಿ ಹಕ್ಕು ಸಾಧಿಸಲು ಬೇಕಾದ ಮಾಹಿತಿಗೆ ಆ ಕಾಯ್ದೆಯಲ್ಲಿ ಸಡಿಲಿಕೆ ಇದೆ. ಸುಮ್ನೆ ಕುತೂಹಲಕ್ಕೆ ಇಲ್ಲ. ಹಾಗಾಗಿ ನಿಮ್ಮ ಕಾರಣ ಏನು ಅನ್ನುವುದರ ಮೇಲೆ ನಾವು ಏನು ಮಾಡಬಹುದು ಅನ್ನುವುದು ನಿಂತಿದೆ.

ಮದುವೆ ವಿಚಾರಣೆ ನಿಲ್ಲಿಸುತ್ತಿಲ್ಲ, ಗಾಬರಿ ಬೇಡ. ಹುಡುಗನ ಮೇಲೆ ಕೇಸ್ ಇದೆಯಾ ಅಂತ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ನೋಡುತ್ತೇವೆ. ಇದೆ ಅಂದ ಜಮೀನು ನಿಜಕ್ಕೂ ಇದೆಯಾ ಅಂತ ಸರ್ಕಾರದ 'ಭೂಮಿ' ತಂತ್ರಾಂಶದಲ್ಲಿ ಪಹಣಿ, 'ಕಾವೇರಿ' ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸುತ್ತೇವೆ. ನೆರೆಹೊರೆಯವರು ಮನಸ್ಸಿಟ್ಟು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಆದರೆ ಸಂಬಳ, ಡಿಗ್ರಿ ಪರಿಶೀಲಿಸಲು ಹುಡುಗನ ಒಪ್ಪಿಗೆ ಪತ್ರ ಬೇಕು. "ನಾವು ವಿಚಾರಿಸುತ್ತೇವೆ, ನೀವೂ ವಿಚಾರಿಸಿ" ಅಂತ ಮೊದಲೇ ಹೇಳಿಬಿಡಿ. ಒಳ್ಳೆಯ ಮನೆಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ ಅನ್ನುವುದು ನಮ್ಮ ಅನುಭವ. ಹೆಬ್ಬಾಳ, ಕೂರ್ಗಳ್ಳಿ ಕಡೆಯ ಫ್ಯಾಕ್ಟರಿಯವರೂ ಕೆಲಸಕ್ಕೆ ಸೇರುವವರ ಒಪ್ಪಿಗೆ ಪತ್ರವನ್ನು ಅರ್ಜಿಯ ಜೊತೆಗೇ ಕಳಿಸಬೇಕು.

ಒಪ್ಪಿಕೊಳ್ಳದ ಕೆಲಸಗಳಲ್ಲಿ ಮುಖ್ಯವಾದದ್ದು ಕಾಲ್ ಲಿಸ್ಟ್, ಅಂದರೆ ಒಬ್ಬರು ಯಾರ ಯಾರ ಜೊತೆ ಫೋನಿನಲ್ಲಿ ಮಾತಾಡಿದರು ಅನ್ನುವ ಪಟ್ಟಿ. ಇಂಥವರು ತಂದುಕೊಡುತ್ತಾರೆ, ಅಷ್ಟು ಹಣಕ್ಕೆ ಸಿಗುತ್ತದೆ ಅಂತ ನಮಗೇ ಹೇಳಿದವರಿದ್ದಾರೆ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದಲ್ಲಿ ಇದೇ ಕಾಲ್ ಲಿಸ್ಟ್ ವ್ಯವಹಾರಕ್ಕೆ ಪತ್ತೇದಾರರು ಜೈಲು ಕಂಡರು. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿವರೆಗೆ ದಂಡ, ಅಥವಾ ಎರಡೂ. ವಿಚ್ಛೇದನದ ಕೇಸ್ ಒಂದರಲ್ಲಿ ಹೆಂಡತಿಯ ಜೊತೆ ಸಂಬಂಧ ಇದೆ ಅಂತ ಆರೋಪ ಹೊತ್ತವನ ಟವರ್ ಲೊಕೇಶನ್ ತರಿಸಲು ಫ್ಯಾಮಿಲಿ ಕೋರ್ಟ್ ಹೇಳಿತ್ತು. 2022ರಲ್ಲಿ ನಮ್ಮ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಮೂರನೆಯವರ ಖಾಸಗಿತನವನ್ನು ಹಾಗೆ ಮುರಿಯುವಂತಿಲ್ಲ ಅಂದಿತು. ಕೋರ್ಟಿಗೇ ಹೀಗೆ ಹೇಳಿದ ಮೇಲೆ ನಾವು ಎಷ್ಟರವರು? "ರೆಕಾರ್ಡಿಂಗ್ ಸಾಕ್ಷಿಯಾಗಿ ನಡೆಯುತ್ತೆ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ" ಅಂತ ವಾದಿಸುವವರಿಗೆ ಒಂದು ಮಾತು. 2025ರ ಜುಲೈನ ಆ ತೀರ್ಪು ಗಂಡ ಹೆಂಡತಿ ತಮ್ಮತಮ್ಮಲ್ಲಿ ಆಡಿದ ಮಾತಿನ ಬಗ್ಗೆ. ಹೊರಗಿನವರು ಫೋನ್ ಕದ್ದು ಕೇಳಲು ಅದು ಅನುಮತಿ ಅಲ್ಲ. ಕಾರಿಗೆ ಗುಟ್ಟಾಗಿ ಜಿಪಿಎಸ್ ಅಂಟಿಸುವುದು, ಮಲಗುವ ಕೋಣೆಗೆ ಕ್ಯಾಮೆರಾ, ಫೋನಿಗೆ ಗೂಢಚಾರಿ ಆ್ಯಪ್, ಇವನ್ನು ಕೇಳಲೇಬೇಡಿ.

ಈಗ ದುಡ್ಡಿನ ಮಾತು. ದರ ಏರಿಸಿದ್ದಕ್ಕೆ "ದುರಾಸೆ" ಅನ್ನುವ ಮಾತು ಕಿವಿಗೆ ಬಿತ್ತು. ಅದು ತುಂಬಾ ನೋಯಿಸಿತು. ನಮ್ಮ ಸೇವೆಗೆ ಜಿಎಸ್‌ಟಿ ಶೇ. 18. ಹತ್ತು ಸಾವಿರದ ಕೆಲಸಕ್ಕೆ ನೀವು 11,800 ಕೊಡುತ್ತೀರಿ. ಅದರಲ್ಲಿ 1,800 ಸರ್ಕಾರಕ್ಕೆ ಹೋಗುತ್ತದೆ, ಬೈಗುಳ ಮಾತ್ರ ನಮಗೆ ಬರುತ್ತದೆ. ಬಿಲ್ ಬೇಡ, ಕ್ಯಾಶ್ ತಗೊಳ್ಳಿ ಅನ್ನುತ್ತಾರೆ ಕೆಲವರು. ಬಿಲ್ ಇಲ್ಲದೆ ನಾಳೆ ಕಟಕಟೆಯಲ್ಲಿ ನಿಂತಾಗ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಗೇ ನಮ್ಮ ಸಾಕ್ಷಿ ಬಿದ್ದುಹೋಗುತ್ತದೆ: ನಿಮ್ಮನ್ನು ಕಳಿಸಿದವರು ಯಾರು, ಎಷ್ಟು ಕೊಟ್ಟರು?

ಒಂದು ದಿನ ನಿಗಾ ಇಡಲು ಇಬ್ಬರು ಬೇಕೇ ಬೇಕು. ಊಟಕ್ಕೆ, ಶೌಚಕ್ಕೆ ಒಬ್ಬರು ಎದ್ದರೆ ಇನ್ನೊಬ್ಬರ ಕಣ್ಣು ಅಲ್ಲಿರಬೇಕು. ಮೊದಲು ಮಂಡ್ಯಕ್ಕೆ, ಬೆಂಗಳೂರಿಗೆ ಬೈಕಿನಲ್ಲೇ ಹೋಗಿಬರುತ್ತಿದ್ದೆವು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ. ಮುಂದೆ ಹೋಗುವ ಕಾರು ಎಕ್ಸ್‌ಪ್ರೆಸ್‌ವೇ ಹತ್ತಿದರೆ ಸರ್ವಿಸ್ ರಸ್ತೆಯಲ್ಲಿ ನಮ್ಮ ಹುಡುಗ ಏನು ಮಾಡಬೇಕು? ಹಾಗಾಗಿ ಕಾರು, ಡೀಸೆಲ್, ಗಣಂಗೂರಿನಲ್ಲಿ ಟೋಲ್. ಟೋಲ್ ರಸೀದಿ ಸಮೇತ ಬಿಲ್ ಜೊತೆ ಕೊಡುತ್ತೇವೆ, ಲೆಕ್ಕ ಹಾಕಿ ನೋಡಿ.

ಕೋರ್ಟಿನ ಖರ್ಚು ಯಾರ ಕಣ್ಣಿಗೂ ಕಾಣುವುದಿಲ್ಲ. ನಮ್ಮ ವರದಿಯನ್ನು ಸಲ್ಲಿಸಿದರೆ ಸಾಕು ಅಂತ ತುಂಬಾ ಜನ ತಿಳಿದಿದ್ದಾರೆ. ಫ್ಯಾಮಿಲಿ ಕೋರ್ಟಿನಲ್ಲಿ ಸಾಕ್ಷ್ಯದ ನಿಯಮ ಸ್ವಲ್ಪ ಸಡಿಲ ಇದೆ, ನಿಜ. ಆದರೂ ಕಣ್ಣಾರೆ ನೋಡಿದವರು ಬಂದು ಹೇಳಿದರೆ ಮಾತ್ರ ಅದಕ್ಕೆ ಬೆಲೆ. ಕೇಸ್ ಮುಂದಕ್ಕೆ ಹೋದಾಗಲೆಲ್ಲ ನಮ್ಮ ಹುಡುಗನ ಒಂದು ದಿನದ ಕೆಲಸ ಹೋಗುತ್ತದೆ. ಫೋಟೊ, ವಿಡಿಯೊಗೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ನಾವು ಸಹಿ ಹಾಕುತ್ತೇವೆ. ಇನ್ನೊಂದಕ್ಕೆ ತಜ್ಞರು ಹಾಕಬೇಕು, ಫೈಲು ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ತಜ್ಞರು ಪುಕ್ಕಟೆ ಸಹಿ ಹಾಕುವುದಿಲ್ಲ. ಈ ಖರ್ಚನ್ನು ಇಲ್ಲಿಯವರೆಗೆ ನಾವೇ ಹೊತ್ತೆವು, ಇನ್ನು ಆಗುವುದಿಲ್ಲ. ಕೋರ್ಟಿಗೆ ಹೋಗದ ಕೆಲಸಕ್ಕೆ ಇದನ್ನು ಸೇರಿಸುವುದಿಲ್ಲ.

ಕೊನೆಯದಾಗಿ ಗುಟ್ಟಿನ ವಿಷಯ. ಸಹಿ ಹಾಕಿದ ಕಾಗದ ಯಾರ ಕೈಗಾದರೂ ಸಿಕ್ಕರೆ ಅಂತ ನೀವು ಹೆದರುವುದು ಸಹಜ. ಅದು ಬೀಗ ಹಾಕಿದ ಕಪಾಟಿನಲ್ಲಿ ಇರುತ್ತದೆ, ಬೀಗದ ಕೈ ಕಚೇರಿ ನಡೆಸುವ ನಮ್ಮಿಬ್ಬರ ಹತ್ತಿರ ಮಾತ್ರ. ನಿಮ್ಮ ಮನೆಯ ವಿಷಯ ಈ ಊರಿನಲ್ಲಿ ಯಾವತ್ತೂ ನಮ್ಮ ಬಾಯಿಂದ ಹೊರಗೆ ಹೋಗಿಲ್ಲ, ಮುಂದೆಯೂ ಹೋಗುವುದಿಲ್ಲ. ಎರಡು ಕಡೆ ಮಾತ್ರ ನಾವು ಬಾಯಿ ಬಿಡಲೇಬೇಕು. ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಪಾಡಲು ಕಾನೂನಿನ ರಕ್ಷಣೆ ಇದೆ, ನಮಗಿಲ್ಲ. ಕೋರ್ಟ್ ಕೇಳಿದರೆ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆಗ ದುಡ್ಡು ಕೊಟ್ಟವರು ಯಾರು ಅಂತ ನೋಡುವುದಿಲ್ಲ. ಕಾನೂನು ಇಲ್ಲದಿದ್ದರೂ ತಿಳಿಸುತ್ತಿದ್ದೆವು.

ಮುಗಿದ ಹಳೆಯ ಫೈಲುಗಳನ್ನು ಹೊಸ ವರ್ಷಕ್ಕೆ ಮೊದಲು ನಾಶ ಮಾಡುತ್ತೇವೆ. ಕೇಸ್ ನಡೆಯುತ್ತಿರುವವರದು ಹಾಗೇ ಇರುತ್ತದೆ. ನಿಮ್ಮ ವರದಿಯ ಪ್ರತಿ ಬೇಕಿದ್ದರೆ ಅಷ್ಟರೊಳಗೆ ನೀವೇ ಬಂದು ಸಹಿ ಹಾಕಿ ತಗೊಂಡು ಹೋಗಿ. ಬೇರೆಯವರ ಕೈಗೆ, ಅವರು ಸ್ವಂತ ಅಣ್ಣತಮ್ಮಂದಿರೇ ಆಗಿದ್ದರೂ, ಕೊಡುವುದಿಲ್ಲ. ಬರುವ ಮೊದಲು ಒಂದು ಫೋನ್ ಮಾಡಿ. ಹಳೆಯ ನಂಬರೇ ಇದೆ.

ನಿಮ್ಮ ವಿಶ್ವಾಸದ,
ಕಚೇರಿಯ ಪರವಾಗಿ
ನಜರ್‌ಬಾದ್, ಮೈಸೂರು