ದೊಡ್ಡಮ್ಮ ಯಾರೆಂದು ಊರಿಗೆ ಗೊತ್ತು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ದೊಡ್ಡಮ್ಮನಿಗೆ ಈಗ 71 ವರ್ಷ. ಮದುವೆಯಾಗಿ ಬಂದಾಗಿನಿಂದ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಬೆರಳಿಗೆ ಹತ್ತಿದ ಅಡಿಕೆಯ ಕಲೆ ಬೇಸಿಗೆ ಬಂದರೂ ಪೂರ್ತಿ ಹೋಗುವುದಿಲ್ಲ. ಹೆಬ್ಬೆಟ್ಟಿನ ಗೆರೆಗಳು ಮಾತ್ರ ಎಂದೋ ಹೋಗಿವೆ. ಕಳೆದ ತಿಂಗಳು ಅವರ ವೃದ್ಧಾಪ್ಯ ಪಿಂಚಣಿ ನಿಂತಿತೆಂದು ಆಧಾರ್ ಗುರುತು ನೋಡುವ ಕೌಂಟರಿಗೆ ಕರೆದುಕೊಂಡು ಹೋದೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು. ಬರಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೊಮ್ಮೆ ಒತ್ತಿದರು. ತೋರುಬೆರಳು, ನಡುಬೆರಳು, ಕೊನೆಗೆ ಎಡಗೈಯೂ ಆಯಿತು. ಕೌಂಟರಿನ ಹುಡುಗ ನಮ್ಮ ಪಕ್ಕದ ಕೇರಿಯವನೇ, ಚಿಕ್ಕವನಿದ್ದಾಗ ದೊಡ್ಡಮ್ಮನ ಅಡುಗೆಮನೆಯಲ್ಲಿ ಕಡುಬು ತಿಂದವನು. "ಅಮ್ಮಾ, ನೀವು ಯಾರು ಅಂತ ನಂಗೊತ್ತು. ಆದ್ರೆ ಮ್ಯಾಚ್ ಆಗ್ತಿಲ್ಲ" ಎಂದ. ಅವನ ತಪ್ಪೇನೂ ಇರಲಿಲ್ಲ. ತನಗೆ ಗೊತ್ತು ಎಂದು ಬರೆಯಲು ಆ ಪರದೆಯಲ್ಲಿ ಜಾಗವೇ ಇರಲಿಲ್ಲ.

ಆ ಜಾಗ ಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇನ್ನೊಂದು ದಿನ ಕಣ್ಣಿನ ಯಂತ್ರದಲ್ಲಿ ಗುರುತು ಸಿಕ್ಕಿತು. ಆಗ ಹೆಸರಿನ ತೊಡಕು ಎದ್ದಿತು. ಲಕ್ಷ್ಮಮ್ಮ ಎಂಬ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕನ್ನಡದಲ್ಲಿ ಅದನ್ನು ಬರೆಯುವುದು ಒಂದೇ ರೀತಿ. ಇಂಗ್ಲಿಷಿನಲ್ಲಿ ಒಬ್ಬರು 'ಕೆ, ಎಸ್, ಎಚ್' ಹಾಕುತ್ತಾರೆ, ಮತ್ತೊಬ್ಬರು 'ಎಕ್ಸ್' ಹಾಕುತ್ತಾರೆ, ಮೂರನೆಯವರು ಕೊನೆಯಲ್ಲಿ ಒಂದು 'ಎಂ' ಬಿಡುತ್ತಾರೆ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಸೇರಿ ಒಬ್ಬ ಹೆಂಗಸು ಮೂವರಾಗುತ್ತಾಳೆ. ಆಮೇಲೆ ಈ ಮೂವರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಬೇಕು. ಅವಳ ಹೆಸರು ಅವಳ ಭಾಷೆಯಲ್ಲಿ ಸರಿಯಾಗಿಯೇ ಇತ್ತಲ್ಲ, ಸ್ವಾಮಿ! ಆಧಾರ್ ಕಾರ್ಡಿನಲ್ಲೂ ಅದು ಕನ್ನಡದಲ್ಲಿ ಅಚ್ಚಾಗಿದೆ. ಹೋಲಿಸಿ ನೋಡುವಾಗ ಮಾತ್ರ ಅದು ಲೆಕ್ಕಕ್ಕಿಲ್ಲ.

ಹುಟ್ಟಿದ ದಿನದ ಕಥೆಯೂ ಅಷ್ಟೆ. ನಮ್ಮ ಕೇರಿಯಲ್ಲಿ ದೊಡ್ಡಮ್ಮನ ವಯಸ್ಸಿನ ಎಷ್ಟೋ ಜನ, ನಿಜವಾದ ದಿನ ಗೊತ್ತಿಲ್ಲದ್ದರಿಂದ, ಕಾಗದದ ಪ್ರಕಾರ ಜನವರಿ 1ರಂದು ಹುಟ್ಟಿದವರು.

ನಮ್ಮ ಪಹಣಿಗಳಲ್ಲಿ ಗಂಡಸರ ಹೆಸರಿನ ಜೊತೆ 'ಬಿನ್', ಹೆಂಗಸರ ಹೆಸರಿನ ಜೊತೆ 'ಕೋಂ' ಇರುವುದನ್ನು ನೀವು ನೋಡಿಯೇ ಇರುತ್ತೀರಿ. ಯಾರ ಮಗ, ಯಾರ ಹೆಂಡತಿ, ಯಾವ ಊರು, ಚೆಕ್ಕುಬಂದಿಯಲ್ಲಿ ಯಾರ ಜಮೀನು: ಇವೆಲ್ಲ ಸೇರಿ ಒಬ್ಬರ ಗುರುತಾಗುತ್ತಿತ್ತು. ಆ ಕಾಲಕ್ಕೇ ಹಿಂದಿರುಗೋಣ ಎಂದು ನಾನು ಹೇಳುತ್ತಿಲ್ಲ. ಹೆಣ್ಣನ್ನು ಗಂಡನ ಹೆಸರಿಗೆ ಕಟ್ಟಿಹಾಕುವ 'ಕೋಂ' ನನಗೆ ಒಪ್ಪಿಗೆಯಿಲ್ಲ. ಊರು ಒಬ್ಬರ ಗುರುತು ಹಿಡಿಯುವಾಗ ಅವರ ಜಾತಿಯನ್ನೂ ಕೇರಿಯನ್ನೂ ಸೇರಿಸಿಯೇ ಹಿಡಿಯುತ್ತಿತ್ತು; ಆಧಾರ್‌ನ 12 ಅಂಕಿಗಳಿಗೆ ಜಾತಿಯಿಲ್ಲ. ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಅಲ್ಲಿ ಸಾಕ್ಷಿ ಹೇಳುವವರು ಯಾರಿದ್ದಾರೆ? ಅವರಿಗೆ ಆ ಸಂಖ್ಯೆ ನಿಜವಾಗಿಯೂ ಆಧಾರ. ನನ್ನ ತಕರಾರು ಇಷ್ಟೇ: ಸಂಖ್ಯೆ ಬಂದ ಮೇಲೆ ಮನುಷ್ಯರ ಸಾಕ್ಷಿಗೆ ಬೆಲೆಯೇ ಇಲ್ಲದಂತಾಗಿದೆ. ಮನೆಮಂದಿಯ ವಿವರವಿರುವ ರಾಜ್ಯದ 'ಕುಟುಂಬ' ದತ್ತಾಂಶ, ರೈತರ ನೋಂದಣಿಯ 'ಫ್ರೂಟ್ಸ್', ಈಗ ಪಹಣಿ, ಎಲ್ಲವನ್ನೂ ಆಧಾರ್‌ಗೆ ಜೋಡಿಸುವ ಕೆಲಸ ನಡೆದಿದೆ. ಒಂದು ಕಡೆ ಸೇರಿಕೊಂಡ ತಪ್ಪು ಉಳಿದ ಕಡೆಯೆಲ್ಲ ಕಾಡುತ್ತದೆ.

ಈ ವಿಷಯದಲ್ಲಿ ದೇಶದ ಗಮನ ಸೆಳೆದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಅನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅದೇ ಪ್ರಕರಣದಲ್ಲಿ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಎತ್ತಿಹಿಡಿಯಿತು ನಿಜ. ಆದರೆ ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರಿಗೆ ಸವಲತ್ತು ತಪ್ಪಬಾರದು, ಬೇರೆ ದಾರಿಯಲ್ಲಿ ಗುರುತು ದೃಢಪಡಿಸಿಕೊಳ್ಳಬೇಕು ಎಂಬುದನ್ನೂ ಅದೇ ತೀರ್ಪು ಒಪ್ಪಿದೆ. ದೊಡ್ಡಮ್ಮನಿಗೆ ಆ ಬೇರೆ ದಾರಿಯನ್ನು ಯಾರೂ ತೋರಿಸಲಿಲ್ಲ.

ದಾರಿ ನಮ್ಮಲ್ಲೇ ಇದೆ. ವಂಶವೃಕ್ಷಕ್ಕೆ ಅರ್ಜಿ ಹಾಕಿದರೆ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು, ನೆರೆಹೊರೆಯವರನ್ನು ಕೇಳಿ, ಸಹಿ ಹಾಕಿಸಿಕೊಂಡು ಮಹಜರು ಮಾಡುತ್ತಾರೆ. ಆಸ್ತಿಯ ವಾರಸುದಾರರು ಯಾರೆಂದು ತಿಳಿಯಲು ಆ ಮಹಜರು ಬೇಕಾಗುತ್ತದೆ. ಒಬ್ಬ ಮುದುಕಿ ತಾನೇ ತಾನೆಂದು ಸಾಬೀತು ಮಾಡುವುದಕ್ಕೆ ಅದು ಯಾಕೆ ಸಾಲದು? ಬೆರಳಾಗಲಿ ಹೆಸರಾಗಲಿ ಹೊಂದದಿದ್ದರೆ ಇಂಥದ್ದೇ ಮಹಜರನ್ನು ಒಪ್ಪಿ, ದಾಖಲೆ ಸರಿಯಾಗುವ ತನಕ ಹಣ ನಿಲ್ಲದಂತೆ ನೋಡಿಕೊಳ್ಳಿ. ವಾಪಸ್ ಕಳಿಸುವಾಗ ಯಾವ ಕಾರಣಕ್ಕೆಂದು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಲಿ. 'ಮ್ಯಾಚ್ ಆಗ್ತಿಲ್ಲ' ಎಂಬ ಬಾಯಿಮಾತು ಹಿಡಿದು ಯಾರ ಹತ್ತಿರ ಮೇಲ್ಮನವಿಗೆ ಹೋಗುವುದು? ರಾಜ್ಯದ ದತ್ತಾಂಶಗಳಲ್ಲಿ ಹೆಸರು ತಾಳೆ ನೋಡುವಾಗ ಕನ್ನಡದ ರೂಪವನ್ನೇ ಮೊದಲು ನೋಡಬೇಕೆಂದು ವಿಧಾನಸಭೆಯಲ್ಲಿ ನೀವು ಕೇಳಬೇಕು.

ತಾಲ್ಲೂಕಿನ ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಒಂದು ಲೆಕ್ಕ ಕೇಳಿ: ಗುರುತು ಹೊಂದಲಿಲ್ಲವೆಂದು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರ ಪಿಂಚಣಿ ನಿಂತಿದೆ?

ದೊಡ್ಡಮ್ಮನ ಹೆಸರನ್ನಾಗಲಿ ನಂಬರನ್ನಾಗಲಿ ಇಲ್ಲಿ ಬರೆದಿಲ್ಲ. ಅವರ ಒಪ್ಪಿಗೆ ಪಡೆದು, ಮೂರೂ ದಾಖಲೆಗಳ ಜೆರಾಕ್ಸನ್ನು ಲಕೋಟೆಯಲ್ಲಿಟ್ಟು ನಿಮ್ಮ ಕಚೇರಿಗೆ ಕೊಟ್ಟು ಬಂದಿದ್ದೇನೆ. ಕೆಲಸ ಮುಗಿದ ಮೇಲೆ ಅವನ್ನು ವಾಪಸ್ ಇಸಿದುಕೊಂಡು ಬಾ ಎಂದು ಅವರು ಹೇಳಿದ್ದಾರೆ.

ಇಂತಿ ನಿಮ್ಮ ಕ್ಷೇತ್ರದ ಮತದಾರ