ಕಕ್ಕಡದ ಕೆಂಪು, ಕಿಡ್ನಿಯ ಕೆಂಪು: ಕೊಡಗಿನವರಿಗೆ ಒಂದು ಕೃತಜ್ಞತೆ

ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ. ಅದರ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಕೊಡಗಿನ ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಆಗುತ್ತದೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ಇಲ್ಲಿ ಯಾರೂ ಹೆದರುವುದಿಲ್ಲ. ಮದ್ದು ಮೈಗೆ ಹಿಡಿಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಕಿಡ್ನಿ ಕ್ಯಾನ್ಸರ್ ಬಗ್ಗೆ ಊರೂರಿಗೆ ಹೋಗಿ ಮಾತಾಡುವ ನಮ್ಮ ಕೆಲಸ ಹೋದ ಕಕ್ಕಡದಲ್ಲಿ ಶುರುವಾಗಿತ್ತು, ಈ ಕಕ್ಕಡಕ್ಕೆ ವರ್ಷ ತುಂಬಿತು. ಯಾರಿಗೆ ಯಾವುದಕ್ಕಾಗಿ ಋಣಿಗಳು ಅನ್ನುವುದನ್ನು ಬರೆದಿಡುತ್ತಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಯಾರ ಹೆಸರೂ ಇಲ್ಲ.

ಮೊದಲ ನಮಸ್ಕಾರ ಪಾಯಸ ಕಾಯಿಸುವ ಅವ್ವಂದಿರಿಗೆ. ‘ಸೊಪ್ಪಿನ ಕೆಂಪು ಯಾವುದು, ರಕ್ತದ ಕೆಂಪು ಯಾವುದು, ಮೊದಲು ಅದನ್ನು ಹೇಳಿ, ಆಮೇಲೆ ಕ್ಯಾನ್ಸರ್ ಮಾತು’ ಎಂದವರು ಅವರು. ಆ ಪ್ರಶ್ನೆ ಬರದಿದ್ದರೆ ನಮ್ಮ ಮಾತು ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತು.

ಅದಕ್ಕೆ ಉತ್ತರ ತೋರಿಸಿಕೊಟ್ಟವರು ಲ್ಯಾಬ್ ಟೆಕ್ನೀಷಿಯನ್‌ಗಳು. ಎರಡು ಗಾಜಿನ ಕೊಳವೆ, ಎರಡರಲ್ಲೂ ಒಂದೇ ಬಣ್ಣದ ಮೂತ್ರ, ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಎರಡನ್ನೂ ಸೆಂಟ್ರಿಫ್ಯೂಜಿನಲ್ಲಿಟ್ಟು ಐದು ನಿಮಿಷ ತಿರುಗಿಸಿ ತೆಗೆದರೆ ಒಂದರಲ್ಲಿ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಕೆಂಪು ಗಸಿ ಕೂತಿರುತ್ತದೆ. ಅದು ರಕ್ತಕಣ. ಇನ್ನೊಂದರಲ್ಲಿ ಬಣ್ಣ ಮೇಲಿಂದ ಕೆಳಗಿನವರೆಗೆ ಹಾಗೇ ಇರುತ್ತದೆ. ಅದು ನೀರಲ್ಲಿ ಕರಗಿದ ಸೊಪ್ಪಿನ ಬಣ್ಣ. ಮೂತ್ರಕ್ಕೆ ಅದ್ದುವ ಪಟ್ಟಿ ಇದೆಯಲ್ಲ, ಅದರ ಮೇಲೆ ಓದುವ ಬಣ್ಣವನ್ನು ಗಾಢ ಬಣ್ಣದ ಮೂತ್ರವೇ ಮರೆಮಾಚಬಹುದು. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿಸುವುದೇ ಸರಿ. ಅದರಲ್ಲಿ ಒಮ್ಮೆಗೆ ಕಣ್ಣಿಗೆ ಬೀಳುವಷ್ಟು ಜಾಗದಲ್ಲಿ ಮೂರೋ ಹೆಚ್ಚೋ ಕೆಂಪು ರಕ್ತಕಣ ಕಂಡರೆ ಅದನ್ನು ರಕ್ತ ಅಂತಲೇ ಲೆಕ್ಕ. ಮಾದರಿಯನ್ನು ಎರಡು ಗಂಟೆಯೊಳಗೆ ನೋಡಬೇಕು, ತಡವಾದರೆ ಕಣಗಳು ಒಡೆದುಹೋಗುತ್ತವೆ. ತೋಟದಿಂದ ಬೆಳಿಗ್ಗೆ ಬಾಟಲಿ ಕಳಿಸಿ ಮಧ್ಯಾಹ್ನ ಪರೀಕ್ಷೆ ಮಾಡಿದರೆ ‘ಏನೂ ಇಲ್ಲ’ ಎಂದು ಬರುವುದು ಇದೇ ಕಾರಣಕ್ಕೆ.

ಮನೆಯಲ್ಲಿ ನೆನಪಿಡಬೇಕಾದದ್ದು ಇಷ್ಟು. ಸೊಪ್ಪಿನ ಬಣ್ಣ ಒಂದೆರಡು ದಿನದಲ್ಲಿ ಹೋಗುತ್ತದೆ. ಬೀಟ್‌ರೂಟ್ ಬಣ್ಣವೂ ಅಷ್ಟೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಮಾತ್ರೆ ನುಂಗುವಷ್ಟು ದಿನ ಮೂತ್ರ ಕಿತ್ತಳೆ ಕೆಂಪಾಗೇ ಇರುತ್ತದೆ. ಮೂರನೇ ದಿನವೂ ಕೆಂಪಿದ್ದರೆ, ಸೊಪ್ಪು ತಿನ್ನದ ದಿನ ಕೆಂಪು ಬಂದರೆ, ಎರೆಹುಳದಂಥ ಉದ್ದ ಹೆಪ್ಪು ಹೋದರೆ ಪರೀಕ್ಷೆ ಆಗಲೇಬೇಕು. ಒಂದೇ ಸಲ ಬಂದು ನಿಂತಿದ್ದರೂ ಆಗಬೇಕು. ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರೆಯ ಮೇಲೆ ತಪ್ಪು ಹೊರಿಸಿ ಕೂರಬಾರದು. ರಕ್ತ ತೆಳುವಾಗಿಸುವ ಮಾತ್ರೆ ಎಷ್ಟೋ ಸಲ ಒಳಗೆ ಗಡ್ಡೆ ಇರುವುದನ್ನು ಬೇಗ ತೋರಿಸಿಕೊಡುತ್ತದೆ, ಅಷ್ಟೆ.

ಬಾಳೆದಿಂಡಿನ ರಸದ ವಿಷಯಕ್ಕೆ ಒಂದು ಸಣ್ಣ ಜಗಳವೇ ಆಯಿತು. ಕೆಂಪು ಕಂಡ ಕೂಡಲೇ ‘ಕಲ್ಲಿರಬೇಕು’ ಎಂದು ದಿಂಡಿನ ರಸ ಕುಡಿಯುವುದು ವಾಡಿಕೆ. ಕಿಡ್ನಿ ಗಡ್ಡೆಯ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ, ಹೆಸರು ಮಾತ್ರ ದಿಂಡಿಗೆ. ಮುಂದಿನ ಸಲ ಬರುವ ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ. ಕಲ್ಲಾದರೆ ಸಾಮಾನ್ಯವಾಗಿ ಒದ್ದಾಡುವಷ್ಟು ನೋವಿರುತ್ತದೆ. ನೋವಿಲ್ಲದ ರಕ್ತವೇ ಹೆಚ್ಚು ಅನುಮಾನದ್ದು. ಪಕ್ಕೆನೋವು, ರಕ್ತ, ಕೈಗೆ ಸಿಗುವ ಗಡ್ಡೆ, ಈ ಮೂರೂ ಒಟ್ಟಿಗೆ ಕಾಣುವುದು ನೂರರಲ್ಲಿ ಹತ್ತು ಜನರಿಗೂ ಇಲ್ಲ. ಮೂರಕ್ಕೂ ಕಾದು ಕೂತರೆ ಕಾಯಿಲೆ ಮುಂದೆ ಹೋಗಿರುತ್ತದೆ. ಕಿಡ್ನಿ ಇರುವುದು ಬೆನ್ನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಅಲ್ಲಿ ಗಡ್ಡೆ ಬೆಳೆಯಲು ಜಾಗ ಧಾರಾಳ. ಇವತ್ತು ಅರ್ಧಕ್ಕಿಂತ ಹೆಚ್ಚು ಗಡ್ಡೆಗಳು ಗೊತ್ತಾಗುವುದು ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ.

ಇನ್ನು ಕೆಲವು ಸುಳಿವು ಯಾರಿಗೂ ಕಿಡ್ನಿಯನ್ನು ನೆನಪಿಸುವುದಿಲ್ಲ. ಕಾರಣವಿಲ್ಲದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ರಕ್ತಹೀನತೆ. ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹಿಮೋಗ್ಲೋಬಿನ್ ಏರುತ್ತದೆ, ಯಾಕೆಂದರೆ ರಕ್ತ ಮಾಡಿಸುವ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಗಡ್ಡೆಯೇ ಸುರಿಸುತ್ತಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಂಕು, ಮಲಬದ್ಧತೆ, ಬಾಯಾರಿಕೆ ಬರಬಹುದು. ಗಂಡಸರಲ್ಲಿ ಎಡ ವೃಷಣದ ಮೇಲ್ಭಾಗದಲ್ಲಿ ಹೊಸದಾಗಿ ರಕ್ತನಾಳದ ಗಂಟು ಕಟ್ಟಿ, ಮಲಗಿದರೂ ಇಳಿಯದಿದ್ದರೆ ಕಿಡ್ನಿ ನೋಡಿಸಲೇಬೇಕು. ಎಡ ವೃಷಣದ ರಕ್ತ ಎಡ ಕಿಡ್ನಿಯ ಸಿರೆಗೇ ಸೇರುವುದು, ಅಲ್ಲಿ ಗಡ್ಡೆ ಅಡ್ಡ ಬಂದರೆ ಇಲ್ಲಿ ಕಟ್ಟಿಕೊಳ್ಳುತ್ತದೆ. ನಾಚಿಕೆ ಬಿಟ್ಟು ಇದನ್ನು ಸಭೆಯಲ್ಲಿ ಎದ್ದು ಕೇಳಿದ ಮೇಸ್ತ್ರಿಗಳಿಗೆ ವಿಶೇಷ ಧನ್ಯವಾದ.

ಕೋಪ ಬಂದರೂ ಕೇಳಿಸಿಕೊಂಡ ಸಮಾಜಗಳ ಹಿರಿಯರಿಗೂ ಋಣಿಗಳು. ಶಿಬಿರ ಹಾಕಿ ಊರಿಗೆಲ್ಲ ಸ್ಕ್ಯಾನ್ ಮಾಡಿಸಿ ಎಂದು ಅವರು ಕೇಳಿದರು, ನಾವು ಒಪ್ಪಲಿಲ್ಲ. ಲಕ್ಷಣ ಇಲ್ಲದ ಎಲ್ಲರಿಗೂ ಕಿಡ್ನಿ ಸ್ಕ್ಯಾನ್ ಮಾಡಬೇಕೆಂದು ಯಾವ ದೊಡ್ಡ ವೈದ್ಯಕೀಯ ಸಂಸ್ಥೆಯೂ ಹೇಳುವುದಿಲ್ಲ. 50 ದಾಟಿದವರ ಕಿಡ್ನಿಯಲ್ಲಿ ನೀರುಗುಳ್ಳೆ ಸರ್ವೇಸಾಮಾನ್ಯ, ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವವರೇ ಹೆಚ್ಚಾಗುತ್ತಾರೆ. ಸ್ಕ್ಯಾನಿನಲ್ಲಿ ಗುಳ್ಳೆ ಹೇಗೆ ಕಾಣುತ್ತದೆಂದು ನೋಡಿ ಬೋಸ್ನಿಯಾಕ್ ಎಂಬ ವರ್ಗ ಕೊಡುತ್ತಾರೆ. ಬರೀ ನೀರಿನ ಗುಳ್ಳೆ, ಅಂದರೆ ಒಂದನೇ ವರ್ಗದ್ದು, ಇದ್ದರೆ ಏನೂ ಮಾಡಬೇಕಿಲ್ಲ. ಮೂರು, ನಾಲ್ಕನೇ ವರ್ಗವಾದರೆ ಯುರಾಲಜಿಸ್ಟ್, ಅಂದರೆ ಕಿಡ್ನಿ, ಮೂತ್ರದ ದಾರಿಯ ಸರ್ಜನ್, ನೋಡಲೇಬೇಕು. ಮನೆತನದಲ್ಲಿ ವಿಎಚ್‌ಎಲ್ ಎಂಬ ಜೀನ್ ದೋಷ ಇರುವವರಿಗೆ ಆಗಾಗ ಸ್ಕ್ಯಾನ್ ಬೇಕು. ಬಹಳ ವರ್ಷ ಡಯಾಲಿಸಿಸ್‌ನಲ್ಲಿ ಇರುವವರಿಗೂ ಅಪಾಯ ಹೆಚ್ಚು, ಅವರು ತಮ್ಮ ಡಾಕ್ಟರರನ್ನು ಕೇಳಬೇಕು. ಉಳಿದವರು ಬೀಡಿ, ಸಿಗರೇಟು ಬಿಡಿ, ಬಿ.ಪಿ. ಹಿಡಿತದಲ್ಲಿಡಿ, ಮೈ ಇಳಿಸಿ. ಬೆಲ್ಲದ ಕಾಫಿ ಕೊಡುತ್ತ ‘ಇದರಿಂದ ಬರುತ್ತದಾ?’ ಎಂದು ಕೇಳದ ಮನೆಯೇ ಇಲ್ಲ. ಕಾಫಿಯಿಂದ ಕಿಡ್ನಿ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ, ನೆಮ್ಮದಿಯಾಗಿ ಕುಡಿಯಿರಿ. ಆದರೆ ಹಾವಿನ ವಿಷಕ್ಕೆಂದು ಇಟ್ಟುಕೊಳ್ಳುವ ಈಶ್ವರಿ ಬೇರಿನ ಕಷಾಯ ಬೇಡವೇ ಬೇಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಮೂತ್ರದ ದಾರಿಯಲ್ಲಿ ಕ್ಯಾನ್ಸರನ್ನೂ ತರುತ್ತದೆ.

ಸಂಪಾಜೆ ಘಾಟಿಯಲ್ಲಿ ಮಂಗಳೂರಿಗೂ ಕುಶಾಲನಗರದ ದಾರಿಯಲ್ಲಿ ಮೈಸೂರಿಗೂ ರೋಗಿಗಳನ್ನು ಕರೆದೊಯ್ದ ಚಾಲಕರಿಗೆ ಎಷ್ಟು ಹೇಳಿದರೂ ಕಡಿಮೆ. ರೈಲಿಲ್ಲದ ಜಿಲ್ಲೆ ನಮ್ಮದು. ಒಂದು ಕಾಗದ ಮರೆತರೆ ಒಂದು ದಿನ ಹೋಯಿತು. ‘ಸಿ.ಡಿ. ಇಟ್ಟುಕೊಂಡಿರಾ?’ ಎಂದು ಗಾಡಿ ಹೊರಡಿಸುವ ಮೊದಲು ಕೇಳುವ ಅಭ್ಯಾಸ ಮಾಡಿಕೊಂಡವರು ಅವರೇ. ಸಿ.ಟಿ. ವರದಿಯ ಹಾಳೆಯಷ್ಟೇ ತಂದರೆ ಸರ್ಜನ್ನರಿಗೆ ಸಾಲದು, ಚಿತ್ರಗಳಿರುವ ಸಿ.ಡಿ. ಬೇಕು. ಇಲ್ಲದಿದ್ದರೆ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ದುಡ್ಡು, ಮತ್ತೊಮ್ಮೆ ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಲು ನರಕ್ಕೆ ಚುಚ್ಚುವ ಔಷಧಿ. ಕಲ್ಲಿಗೆಂದು ಮಾಡಿದ ಸಾದಾ ಸಿ.ಟಿ.ಯಲ್ಲಿ ಸಣ್ಣ ಗಡ್ಡೆ ತಪ್ಪಿಹೋಗಬಹುದು. ಗಡ್ಡೆಯ ಅನುಮಾನವಿದ್ದರೆ ಕಾಂಟ್ರಾಸ್ಟ್ ಕೊಟ್ಟು, ಕೊಡುವ ಮೊದಲೂ ಆಮೇಲೂ ತೆಗೆದ ಚಿತ್ರ ಬೇಕು. ಅದಕ್ಕೂ ಮುಂಚೆ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಿರಬೇಕು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಬೇಕು. ಜೊತೆಗೆ ಎದೆಯ ಸಿ.ಟಿ., ಯಾಕೆಂದರೆ ಈ ಕ್ಯಾನ್ಸರ್ ಮೊದಲು ಹರಡುವ ಜಾಗಗಳಲ್ಲಿ ಶ್ವಾಸಕೋಶ ಮುಖ್ಯವಾದದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿ ಹಿಡಿದೇ ಮೈಸೂರು ಬಸ್ಸು ಹತ್ತಿ.

ಆಪರೇಷನ್ ಬಗ್ಗೆ ಬಿಡುವು ಮಾಡಿಕೊಂಡು ಊರಿಗೆ ಬಂದು ಹೇಳಿಕೊಟ್ಟ ಯುರಾಲಜಿಸ್ಟರಿಗೆ ಕೃತಜ್ಞತೆ. ಗಡ್ಡೆ 4 ಸೆಂಟಿಮೀಟರಿನೊಳಗಿದ್ದರೆ ಅಷ್ಟು ಭಾಗ ಮಾತ್ರ ತೆಗೆದು ಕಿಡ್ನಿ ಉಳಿಸುವುದು ಮೊದಲ ಆಯ್ಕೆ. 7ರವರೆಗೂ ಗಡ್ಡೆ ಇರುವ ಜಾಗ ನೋಡಿ ಅದು ಸಾಧ್ಯ. ಕೆಲಸ ನಡೆಯುವಾಗ ರಕ್ತ ಹರಿಯದಂತೆ ಕಿಡ್ನಿಯ ರಕ್ತನಾಳಕ್ಕೆ ಕ್ಲಿಪ್ಪು ಹಾಕುತ್ತಾರೆ, ಅದನ್ನು 25-30 ನಿಮಿಷದೊಳಗೆ ಬಿಚ್ಚಿದರೆ ಉಳಿದ ಕಿಡ್ನಿಗೆ ಒಳ್ಳೆಯದು. ‘ಪೂರ್ತಿ ತೆಗೆದುಬಿಡಿ, ತಲೆನೋವೇ ಬೇಡ’ ಎನ್ನುವ ಮನೆಯವರ ಅವಸರ ನಮಗೆ ಅರ್ಥವಾಗುತ್ತದೆ, ಒಪ್ಪಲಾಗುವುದಿಲ್ಲ. ಬಿ.ಪಿ., ಸಕ್ಕರೆ ಇರುವವರಿಗೆ ಹತ್ತು ವರ್ಷದ ಮೇಲೆ ಬೇಕಾಗುವುದು ಆ ಉಳಿದ ತುಂಡೇ. ವಯಸ್ಸಾದವರಲ್ಲಿ, ಹೃದಯ ಸೋತವರಲ್ಲಿ ಸಣ್ಣ ಗಡ್ಡೆಯನ್ನು ಆರಾರು ತಿಂಗಳಿಗೆ ಸ್ಕ್ಯಾನ್ ಮಾಡುತ್ತ ಕಾಯುವುದೂ ಚಿಕಿತ್ಸೆಯೇ. ಅಂಥವು ಸರಾಸರಿ ವರ್ಷಕ್ಕೆ 3 ಮಿಲಿಮೀಟರಿನಷ್ಟು ಬೆಳೆಯುತ್ತವೆ. 3 ಸೆಂಟಿಮೀಟರಿನೊಳಗಿನದನ್ನು ಸೂಜಿ ತೂರಿಸಿ ಸುಡುವುದು, ಮಂಜಿನಂತೆ ಹೆಪ್ಪುಗಟ್ಟಿಸುವುದು ಕೂಡ ಉಂಟು.

ಮನೆಗೆ ಬಂದ ಮೇಲಿನ ಆರು ವಾರ ತೋಟದವರಿಗೆ ಕಷ್ಟದ್ದು. 50 ಕೆ.ಜಿ. ಕಾಫಿ ಮೂಟೆ ಬಿಡಿ, ತುಂಬಿದ ಕೊಡವೂ ಬೇಡ. ಬೆನ್ನಿಗೆ ಹಾಕುವ ಸ್ಪ್ರೇಯರ್, ಮೆಣಸು ಕೊಯ್ಯುವ ಏಣಿ, ಎರಡೂ ಬೇಡ. ಸ್ವಲ್ಪ ಭಾಗ ತೆಗೆಸಿಕೊಂಡವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಎಲ್ಲ ಸರಿಯಿದ್ದು, ಒಂದರಿಂದ ಮೂರು ವಾರದ ನಡುವೆ ಇದ್ದಕ್ಕಿದ್ದಂತೆ ಮೂತ್ರ ಕಡು ಕೆಂಪಾದರೆ ಹೊಲಿದ ಜಾಗದ ರಕ್ತನಾಳ ಉಬ್ಬಿ ಒಡೆದಿರಬಹುದು. ಆಗ ಮರುದಿನದವರೆಗೆ ಕಾಯಬಾರದು, ಅದೇ ಗಳಿಗೆ ಹೊರಡಬೇಕು. ತೊಡೆಯ ನಾಳದಿಂದ ತಂತಿ ತೂರಿಸಿ ಅದನ್ನು ಮುಚ್ಚಬಹುದು. ಮಳೆಗಾಲದಲ್ಲಿ ಆಪರೇಷನ್ ಆದವರು ಆ ಮೂರು ವಾರ ಮೈಸೂರಿನ ನೆಂಟರ ಮನೆಯಲ್ಲೇ ಇದ್ದರೆ ಚೆನ್ನ, ಗುಡ್ಡ ಯಾವಾಗ ರಸ್ತೆಗೆ ಇಳಿಯುತ್ತದೆ ಹೇಳಲಾಗದು. ಸೊಂಟನೋವಿಗೆ ಡೈಕ್ಲೊಫೆನಾಕ್ ನುಂಗುವ ಚಟವಿದ್ದರೆ ಅಲ್ಲಿಗೆ ಮುಗಿಸಿ, ಒಂದೇ ಕಿಡ್ನಿ ಉಳಿದವರಿಗಂತೂ ಅದು ಕೂಡದು. ಚೀಟಿಯಿಲ್ಲದೆ ಕೇಳಿದಾಗ ಕೊಡದೆ ಬೈಸಿಕೊಂಡ ಮೆಡಿಕಲ್ ಶಾಪಿನವರಿಗೂ ನಮಸ್ಕಾರ.

ಹರಡಿದ ಕಾಯಿಲೆಗೆ ಹಳೆಯ ಕೀಮೋ ಹೆಚ್ಚು ಕೆಲಸ ಮಾಡುವುದಿಲ್ಲ. ವಿಎಚ್‌ಎಲ್ ಜೀನ್ ಕೆಟ್ಟಾಗ ಜೀವಕೋಶ ತನಗೆ ಆಮ್ಲಜನಕವೇ ಇಲ್ಲವೆಂದುಕೊಂಡು ಹೊಸ ರಕ್ತನಾಳ ಕರೆಸಿಕೊಳ್ಳುತ್ತದೆ. 2019ರ ವೈದ್ಯಕೀಯ ನೊಬೆಲ್ ಬಂದ ಸಂಶೋಧನೆಯಲ್ಲಿ ಈ ಜೀನಿನ ಕೆಲಸವೂ ಸೇರಿದೆ. ಆ ನಾಳಗಳಿಗೆ ತಡೆಯೊಡ್ಡುವ ಮಾತ್ರೆಗಳು 2005ರಿಂದ ಬಂದವು. ಅವುಗಳಲ್ಲೊಂದಾದ ಸುನಿಟಿನಿಬ್ ನುಂಗುವವರಿಗೆ ಅಂಗೈ, ಅಂಗಾಲು ಸುಲಿಯುವುದುಂಟು. ಗಮ್‌ಬೂಟಿನೊಳಗೆ ಒದ್ದೆ ಕಾಲಲ್ಲಿ ದಿನವಿಡೀ ನಿಂತರೆ ಇನ್ನೂ ಜೋರು. ಒಣ ಹತ್ತಿ ಕಾಲುಚೀಲ, ಯೂರಿಯಾ ಕ್ರೀಮು, ಮನೆಯಲ್ಲೊಂದು ಬಿ.ಪಿ. ಮೆಷಿನ್ ಬೇಕು. ಇನ್ನೊಂದು ಮಾತ್ರೆ ಪಝೊಪಾನಿಬ್ ಆದರೆ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಕೊಡಗಿನ ಕಿತ್ತಳೆ ತಿನ್ನಬಹುದು. ಚಕ್ಕೋತ ಬೇಡ, ಅದು ಮಾತ್ರೆಯ ಅಂಶವನ್ನು ರಕ್ತದಲ್ಲಿ ಏರಿಸಬಹುದು. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಇಂಜೆಕ್ಷನ್ ಪಡೆದವರಿಗೆ ತಿಂಗಳುಗಳಾದ ಮೇಲೂ ಭೇದಿ, ಉಬ್ಬಸ ಬಂದರೆ ಮಳೆನೀರಿನ ದೋಷ ಅಂದುಕೊಳ್ಳಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಹೇಳಬೇಕಾದದ್ದು ಆ ಇಂಜೆಕ್ಷನ್ ಹೆಸರು. ಅದರ ಚಿಕಿತ್ಸೆಯೇ ಬೇರೆ.

ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ತಮಿಳು, ಎರವ, ಕುರುಬ ಮಾತಿನಲ್ಲಿ ಇದನ್ನೆಲ್ಲ ತಿಳಿಹೇಳಿದ ಆಶಾ ಅಕ್ಕಂದಿರು ಇಲ್ಲದಿದ್ದರೆ ಅರ್ಧ ಕೊಡಗಿಗೆ ಈ ಮಾತೇ ತಲುಪುತ್ತಿರಲಿಲ್ಲ.

ಕೊನೆಗೆ, ತೋಟದ ಹಾಜರಿ, ಲೆಕ್ಕ ಬರೆಯುವ ಎಸ್ಟೇಟ್ ರೈಟರುಗಳಿಗೆ. ಆಪರೇಷನ್ ಆದವರಿಗೆ ಕನಿಷ್ಠ ಐದು ವರ್ಷ ಪರೀಕ್ಷೆ ತಪ್ಪಬಾರದು, ಹತ್ತು ವರ್ಷ ಕಳೆದ ಮೇಲೂ ಈ ಕಾಯಿಲೆ ಮರಳಿದ್ದುಂಟು. ಕಾಫಿ ಕೊಯ್ಲಿನ ಹೊತ್ತಿಗೆ ತಾರೀಖು ಬಿದ್ದರೆ ಕೂಲಿ ಹೋಗುತ್ತದೆಂದು ಯಾರೂ ಹೋಗುವುದಿಲ್ಲ. ಕೆಲವು ತೋಟಗಳಲ್ಲಿ ಈಗ ಹಾಜರಿ ಹಾಕುವ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ: ಯಾರಿಗೆ, ಯಾವ ತಿಂಗಳು, ಕ್ರಿಯಾಟಿನಿನ್ನೋ ಸಿ.ಟಿ.ಯೋ. ಪಕ್ಕದಲ್ಲಿ, ಸಿ.ಡಿ. ಎಲ್ಲಿದೆ ಅಂತ.