ಈ ಬಾರಿ ಪಿರಮಿಡ್ ಬೇಡ, ಹಾಜರಿ ಪಟ್ಟಿ ಸಾಕು: ಆರನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಮುಂದಿನ ವಾರದಿಂದ ಆರನೇ ತರಗತಿಯಲ್ಲಿ ಪ್ರಾಚೀನ ಈಜಿಪ್ಟಿನ ಪಾಠ ಆರಂಭವಾಗಲಿದೆ. ಪ್ರತಿ ವರ್ಷ ಈ ಪಾಠದ ಹೊತ್ತಿಗೆ ಶಾಲೆಗೆ ಥರ್ಮಾಕೋಲ್ ಪಿರಮಿಡ್‌ಗಳು ಬಂದು ಸೇರುತ್ತವೆ. ಅವುಗಳಲ್ಲಿ ಬಹುಪಾಲು ನಿಮ್ಮ ನಿದ್ದೆಗೆಟ್ಟ ರಾತ್ರಿಗಳ ಫಲವೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಈ ಬಾರಿ ಅದು ಬೇಡವೆಂದು ಕೋರಲು ಈ ಪತ್ರ.

ಮೇಲೆ ಫರೋ ಎಂಬ ರಾಜ, ಅವನ ಕೆಳಗೆ ಮಂತ್ರಿ, ಪುರೋಹಿತರು, ಲಿಪಿಕಾರರು, ಕುಶಲಕರ್ಮಿಗಳು, ತಳದಲ್ಲಿ ರೈತರು ಎಂಬ ಮೆಟ್ಟಿಲುಗಳ ಚಿತ್ರವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಚಿತ್ರ ತಪ್ಪಲ್ಲ, ಆದರೆ ಅದರಲ್ಲಿ ಮನುಷ್ಯರು ಕಾಣುವುದಿಲ್ಲ. ಆದ್ದರಿಂದ ನಾವು ಲಕ್ಸರ್ ನಗರದ ಎದುರು ನೈಲ್ ನದಿಯ ಪಶ್ಚಿಮ ದಂಡೆಯಲ್ಲಿರುವ ದೇರ್ ಎಲ್ ಮದೀನಾ ಎಂಬ ಒಂದೇ ಹಳ್ಳಿಯನ್ನು ಆಯ್ದುಕೊಂಡಿದ್ದೇವೆ. ರಾಜರ ಕಣಿವೆಯಲ್ಲಿ ಬಂಡೆ ಕೊರೆದು ಗೋರಿ ನಿರ್ಮಿಸುತ್ತಿದ್ದ ಕೆಲಸಗಾರರು ಸಂಸಾರ ಸಮೇತ ಅಲ್ಲಿ ವಾಸವಾಗಿದ್ದರು. ರಾಜರು ಪಿರಮಿಡ್ ಕಟ್ಟಿಸುವುದನ್ನು ಬಿಟ್ಟಿದ್ದ ಆ ಕಾಲದಲ್ಲಿ ಈ ಕೆಲಸಗಾರರೇ ತಮ್ಮ ಸಮಾಧಿಗಳ ಮೇಲೆ ಮಣ್ಣಿಟ್ಟಿಗೆಯ ಪುಟ್ಟ ಪಿರಮಿಡ್ ಕಟ್ಟಿಕೊಳ್ಳುತ್ತಿದ್ದರು.

ಎರಡನೇ ರಾಮ್ಸೆಸ್‌ನ 40ನೇ ಆಳ್ವಿಕೆಯ ವರ್ಷದಲ್ಲಿ ಸುಣ್ಣಕಲ್ಲಿನ ಹಲಗೆಯ ಮೇಲೆ ಬರೆದ ಅವರ ಹಾಜರಿ ಪಟ್ಟಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಗೈರುಹಾಜರಾದ ದಿನ ಕಪ್ಪು ಶಾಯಿಯಲ್ಲಿ, ಕಾರಣ ಕೆಂಪು ಶಾಯಿಯಲ್ಲಿ: ಒಬ್ಬನಿಗೆ ಚೇಳು ಕುಟುಕಿದೆ, ಇನ್ನೊಬ್ಬನಿಗೆ ಕಣ್ಣುನೋವು, ಮತ್ತೊಬ್ಬ ಬಿಯರ್ ತಯಾರಿಸಲು ಮನೆಯಲ್ಲುಳಿದಿದ್ದಾನೆ. (ಬಿಯರ್ ಅಲ್ಲಿ ರೊಟ್ಟಿಯಷ್ಟೇ ನಿತ್ಯದ ಆಹಾರವಾಗಿತ್ತು ಎಂಬುದನ್ನು ಮಕ್ಕಳಿಗೆ ವಿವರಿಸುತ್ತೇವೆ, ಗಾಬರಿಯಾಗಬೇಡಿ.) ನಮ್ಮ ಕಚೇರಿಗೆ ಬರುವ ರಜಾ ಚೀಟಿಗಳನ್ನು ಓದುವ ನನಗೆ ಈ ಪಟ್ಟಿ ಅಪರಿಚಿತವೆನಿಸಲಿಲ್ಲ.

ಅಂತಸ್ತಿನ ವ್ಯತ್ಯಾಸವನ್ನು ಮಕ್ಕಳು ಧಾನ್ಯದ ಲೆಕ್ಕದಲ್ಲಿ ಕಾಣಬಹುದು. ನಾಣ್ಯವಿಲ್ಲದ ಆ ಹಳ್ಳಿಯಲ್ಲಿ ಕೆಲಸಗಾರನ ತಿಂಗಳ ಕೂಲಿ 4 ಚೀಲ ಜವೆಗೋಧಿ, 1.5 ಚೀಲ ಬಾರ್ಲಿ, ಮೇಸ್ತ್ರಿಗೆ 5.5 ಮತ್ತು 2 ಚೀಲ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಈ ಧಾನ್ಯ ಬರುವುದು ತಡವಾದಾಗ ಅವರು ಹಸಿವು ತಾಳಲಾರದೆ ಕೆಲಸ ನಿಲ್ಲಿಸಿ ದೇವಾಲಯದ ಹಿಂದೆ ಧರಣಿ ಕೂತರು. ಅದರ ವಿವರವಿರುವ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಇಟಲಿಯ ಟ್ಯೂರಿನ್ ನಗರದಲ್ಲಿದೆ.

ಅದೇ ಹಳ್ಳಿಯ ನೌನಖ್ತೆ ಎಂಬ ವೃದ್ಧೆ ಎಂಟು ಮಕ್ಕಳನ್ನು ಸಾಕಿ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳದವರಿಗೆ ಸ್ವಂತ ಆಸ್ತಿಯಲ್ಲಿ ಪಾಲಿಲ್ಲವೆಂದು ಉಯಿಲು ಬರೆಸಿದಳು. ಹೆಣ್ಣಿಗೆ ಅಲ್ಲಿ ತನ್ನದೇ ಆಸ್ತಿಯಿತ್ತು ಎಂಬುದಕ್ಕೆ ಇದಕ್ಕಿಂತ ಚುರುಕಾದ ಪಾಠ ನನಗೆ ಸಿಕ್ಕಿಲ್ಲ. ಹಸಿದು ಧರಣಿ ಕೂತರೂ ಈ ಹಳ್ಳಿಯವರು ತೀರಾ ಬಡವರಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ. ಪ್ರವಾಹ ಇಳಿದ ಹೊಲಗಳಲ್ಲಿ ಬಿತ್ತಿ, ಬೆಳೆದದ್ದರಲ್ಲಿ ತೆರಿಗೆ ಅಳೆದುಕೊಟ್ಟ ಬಹುಸಂಖ್ಯಾತ ರೈತರಿಗೆ ಅಕ್ಷರ ಬರುತ್ತಿರಲಿಲ್ಲ; ಅವರ ವಿಷಯ ನಮಗೆ ತಿಳಿದಿರುವುದು ಹೆಚ್ಚಾಗಿ ಲಿಪಿಕಾರರ ಬರಹ ಮತ್ತು ಸಮಾಧಿಗಳ ಚಿತ್ರಗಳಿಂದ.

ಪ್ರತಿ ಮಗುವೂ ಆ ಹಳ್ಳಿಯ ಒಬ್ಬರನ್ನು ಆರಿಸಿಕೊಂಡು, ಅವರ ಒಂದು ದಿನವನ್ನು ಅಂಗೈಯಗಲದ ರಟ್ಟಿನ ಮೇಲೆ ಬರೆದು ತರಬೇಕು. ಆ ಹಳ್ಳಿಯವರು ಬರೆಯುತ್ತಿದ್ದಂಥ ಮಡಕೆ ಚೂರು ಬೇಡ, ಕೈ ಕುಯ್ಯುತ್ತದೆ. ಬರವಣಿಗೆ ಮಗುವಿನದೇ ಆಗಿರಲಿ. ಕಾಗುಣಿತ ತಪ್ಪಿದ್ದರೂ ಹಾಗೆಯೇ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು